ಕೆಂಚಯ್ಯನ ದವಡೆಯ ಸ್ಕ್ರೂ

ಮುದ್ದೆ ಉಣ್ಣುವ ಸೀಮೆಯಲ್ಲಿ ಒಬ್ಬನ ಹಲ್ಲು ಮುರಿದರೆ ಮನೆಯವರಿಗೂ ಬೇಗ ಗೊತ್ತಾಗುವುದಿಲ್ಲ. ಮುದ್ದೆಯನ್ನು ಯಾರು ಅಗಿಯುತ್ತಾರೆ? ಮುರಿದು, ಸಾರಿನಲ್ಲಿ ಹೊರಳಿಸಿ, ಗುಳುಂ ಎಂದು ನುಂಗುವುದಷ್ಟೇ. ಬೈರಮಂಗಲದ ಕೆಂಚಯ್ಯ ಈ ಒಂದು ಧೈರ್ಯದ ಮೇಲೆ ಎರಡು ತಿಂಗಳು ಹೆಂಡತಿಯ ಕಣ್ಣಿಗೆ ಮಣ್ಣೆರಚಿದ. ಬೆಳಿಗ್ಗೆ ಬಿಡದಿಯಲ್ಲಿ ಬಸ್ಸಿಳಿದರೆ ತಟ್ಟೆ ಇಡ್ಲಿ, ಅದಕ್ಕೂ ಹಲ್ಲು ಬೇಕಿಲ್ಲ. ಪೇಚಾಟಕ್ಕೆ ಬಂದದ್ದು ಭಾನುವಾರದ ನಾಟಿ ಕೋಳಿ ಸಾರು.

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಕೋಳಿಯ ಕಾಲು ಕೆಂಚಯ್ಯನ ತಟ್ಟೆಗೇ ಬೀಳಬೇಕೆಂಬುದು ಆ ಮನೆಯ ಕಾನೂನು. ಅಂಥವನು ಒಂದು ಭಾನುವಾರ ಅದನ್ನೆತ್ತಿ ಅಂಕಮ್ಮನ ತಟ್ಟೆಗೆ ಹಾಕಿ, "ನೀನ್ ತಿನ್ನಮ್ಮಿ, ದಿನಾ ಎಷ್ಟ್ ದುಡೀತೀಯ" ಎಂದುಬಿಟ್ಟ. ಅಂಕಮ್ಮ ಬೆಪ್ಪಾಗಿ ನೋಡಿದಳು. ಮರುವಾರವೂ ಅದೇ. ಮೂರನೆಯ ವಾರಕ್ಕೆ ಅವಳು ಕನಕಾಂಬರ ಮುಡಿದುಕೊಂಡೇ ಊಟಕ್ಕೆ ಕೂತಳು. ನೀರಿಗೆ ಹೋದ ಕಡೆಯೆಲ್ಲ ಗಂಡನ ಗುಣಗಾನ. ಆ ಹೂ ನೋಡಿದಾಗಲೆಲ್ಲ ಕೆಂಚಯ್ಯನಿಗೆ ಮುದ್ದೆ ಗಂಟಲಲ್ಲಿ ನಿಲ್ಲುತ್ತಿತ್ತು.

ಇಷ್ಟಕ್ಕೂ ಮುರಿದದ್ದು ಹುಟ್ಟಿದಾಗಿನ ಹಲ್ಲಲ್ಲ, ಅದು ಎಂದೋ ಹೋಗಿತ್ತು. ರಾಮನಗರ ಜಿಲ್ಲೆಯಾದ ಮರುವರ್ಷ ಅಂಕಮ್ಮನ ಅಣ್ಣನ ಮಗಳು ಪದ್ಮಶ್ರೀ ಹಲ್ಲಿನ ಡಾಕ್ಟರಾಗಿ ಬಿಡದಿಯಲ್ಲಿ ಕ್ಲಿನಿಕ್ ತೆರೆದಳು. ಬೋರ್ಡಿನ ಕೊನೆಯ ಸಾಲಿನಲ್ಲಿ 'ಇಂಪ್ಲಾಂಟ್ ಮಾಡಲಾಗುವುದು' ಎಂದು ಬರೆಸಿದ್ದಳು. ದವಡೆಯ ಮೂಳೆಗೆ ಟೈಟೇನಿಯಂ ಸ್ಕ್ರೂ ಕೂರಿಸಿ, ಮೂಳೆ ಅದನ್ನು ಹಿಡಿದುಕೊಂಡ ಮೇಲೆ ಪಿಂಗಾಣಿ ಹಲ್ಲಿನ ಟೋಪಿ ತೊಡಿಸುವ ಕೆಲಸ. ಬಂದವರೆಲ್ಲ "ಡಾಕ್ಟ್ರು ಎಲ್ಲಮ್ಮ?" ಎಂದು ಅವಳನ್ನೇ ಕೇಳುತ್ತಿದ್ದರು, ಸ್ಕ್ರೂ ಎಂದೊಡನೆ ಚಪ್ಪಲಿ ಮೆಟ್ಟುತ್ತಿದ್ದರು. ಆಗ ಹೋಗಿ ಕುರ್ಚಿಯಲ್ಲಿ ಮಲಗಿದವನು ಕೆಂಚಯ್ಯ.

"ಗೋಡೆಗೆ ಪ್ಲಗ್ ಹೊಡ್ದು ಸ್ಕ್ರೂ ಬಿಗಿಯಾದು ತಾನೆ? ನಾನ್ ದಿನಾ ಮಾಡೋ ಕೆಲ್ಸ. ನನ್ ಬಾಯಲ್ಲೇ ಶುರು ಮಾಡವ್ವ" ಎಂದಿದ್ದ.

ಆ ಹುಡುಗಿ ಯಾರ ನೆರವೂ ಇಲ್ಲದೆ ತನ್ನ ಕೈಯಾರೆ ಕೂರಿಸಿದ ಮೊದಲ ಇಂಪ್ಲಾಂಟ್ ಅದು. ಕೆಂಚಯ್ಯನಿಗೆ ಎಷ್ಟು ಜಂಬವೆಂದರೆ, ಕೆಲಸದ ಜಾಗದಲ್ಲಿ ನಗು ಬಂದರೂ ಬರದಿದ್ದರೂ ಎಡಗಡೆಯಿಂದ ನಗುತ್ತಿದ್ದ.

ಪದ್ಮಶ್ರೀ ಅವನಿಂದ ಒಂದೇ ಒಂದು ಮಾತು ಪಡೆದಿದ್ದಳು: "ಮಾಮ, ಇನ್ಮೇಲೆ ಹಲ್ಲಲ್ಲಿ ವೈರ್ ಸುಲೀಬ್ಯಾಡಿ." ಕೆಂಚಯ್ಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಏಣಿಯ ಮೇಲೆ ನಿಂತವನ ಒಂದು ಕೈ ಏಣಿಗೆ, ಇನ್ನೊಂದು ವೈರಿಗೆ. ತುದಿಯ ಪ್ಲಾಸ್ಟಿಕ್ ಸುಲಿಯಲು ಬಾಯಿಯೇ ಮೂರನೆಯ ಕೈ. ಮೊದಲಿನ ಹಲ್ಲು ಹೋದದ್ದೇ ಹಾಗೆ. "ಆಯ್ತು ಕಣವ್ವ" ಎಂದು ಮಾತು ಕೊಟ್ಟ, ಹೊಸ ಹಲ್ಲು ಬಂದ ಹದಿನೈದೇ ದಿನಕ್ಕೆ ಮರೆತ. ಹಳೆಯದಕ್ಕಿಂತ ಇದು ಚೆನ್ನಾಗಿ ಸುಲಿಯುತ್ತಿತ್ತು, ಏನು ಮಾಡೋಣ! ವರ್ಷ ತುಂಬುವ ಹೊತ್ತಿಗೆ ಒಂದು ದಿನ ಏಣಿಯ ಮೇಲೆ ಟಕ್ ಎಂದಿತು. ಟೋಪಿ ಅಂಗೈಗೆ ಬಂತು, ಸ್ಕ್ರೂವಿನ ಮುರುಕು ದವಡೆಯಲ್ಲೇ ಉಳಿಯಿತು. ಟೋಪಿಯನ್ನು ಇನ್ಸುಲೇಷನ್ ಟೇಪಿನಲ್ಲಿ ಸುತ್ತಿ ಟೂಲ್ ಬ್ಯಾಗಿಗೆ ಹಾಕಿದ. ಅಲ್ಲಿಗೆ ಎಡಗಡೆಯ ನಗುವೂ ನಿಂತಿತು.

ಸಿಕ್ಕಿಬಿದ್ದದ್ದು ಅಂಕಮ್ಮನ ಪ್ರೀತಿಯಿಂದಲೇ. ಆ ಭಾನುವಾರ ಅವಳಿಗೆ ಏನು ಉಕ್ಕಿ ಬಂತೋ, ಕೋಳಿ ಕಾಲನ್ನು ತಾನೇ ಅವನ ಬಾಯಿಗೆ ಹಿಡಿದಳು. "ಒಂದೇ ಒಂದ್ ಕಿತ ಕಚ್ಚು, ನನ್ನಾಣೆ." ಕಚ್ಚಿದ. "ಅವ್ವಾ!" ಎಂದು ಕೂಗಿದ್ದು ಕೆರೆ ಏರಿಯವರೆಗೂ ಕೇಳಿಸಿರಬೇಕು. ಅಂಕಮ್ಮ ಟಾರ್ಚ್ ತಂದು ಬಾಯೊಳಗೆ ಬಿಟ್ಟಳು.

"ಅಂಗಾರೆ ಇಷ್ಟ್ ದಿನ ನಂಗ್ ಕಾಲು ಹಾಕ್ತಿದ್ದದ್ದು ಪಿರೂತಿಗಲ್ಲ" ಎಂದಳು.

ಬೈದಿದ್ದರೆ ವಾಸಿಯಿತ್ತು, ಬೈಯಲಿಲ್ಲ. ಮುಡಿಯ ಹೂ ತೆಗೆದು ಕಿಟಕಿಯ ಮೇಲಿಟ್ಟಳು.

ಮರುದಿನ ಕ್ಲಿನಿಕ್ಕಿನಲ್ಲಿ ಪದ್ಮಶ್ರೀ ಎಕ್ಸ್‌ರೇ ಹಿಡಿದು, "ಹೆಂಗೆ ಮುರೀತು ಮಾಮ?" ಎಂದಳು. ಪಕ್ಕದಲ್ಲಿ ಅಂಕಮ್ಮ ನಿಂತಿದ್ದಳು. ಒಬ್ಬಳಿಗೆ ಮಾತು ತಪ್ಪಿದವನು, ಇನ್ನೊಬ್ಬಳಿಗೆ ಮೋಸ ಮಾಡಿದವನು, ಇಬ್ಬರೆದುರು ಬಾಯಿ ಬಿಡುವುದಾದರೂ ಹೇಗೆ?

"ತಾನಾಗೇ ಮುರ್ಕೊಂತು ಕಣವ್ವ" ಎಂದುಬಿಟ್ಟ.

ಹುಡುಗಿಯ ಮುಖ ಸಪ್ಪಗಾಯಿತು. ತಾನಾಗೇ ಮುರಿಯಿತೆಂದರೆ ಕೂರಿಸಿದವಳದೇ ತಪ್ಪಲ್ಲವೇ? ಆ ದಡ್ಡನಿಗೆ ಇದು ಹೊಳೆಯಲಿಲ್ಲ. ಗುರುವಾರ ಬನ್ನಿ, ಮುರುಕು ತೆಗೆಯೋಣ ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು.

ಗುರುವಾರ ಮೊದಲ ಪಾಳಿ ಮುಗಿಸಿ ಯೂನಿಫಾರಂನಲ್ಲೇ ಬಂದ. ಟೇಪು ಸುತ್ತಿದ ಟೋಪಿಯನ್ನು ಪದ್ಮಶ್ರೀಯ ಕೈಗಿಟ್ಟು ಮಲಗಿದ. ಇಂಜೆಕ್ಷನ್ ಬಿದ್ದು ಎಡದವಡೆ, ನಾಲಿಗೆ ಎಲ್ಲ ಮರಗಟ್ಟಿ ಹೋಯಿತು. ಅವಳು ವಸಡು ಬಿಡಿಸಿ ಮುರುಕನ್ನು ತಿರುಗಿಸಲು ನೋಡಿದಳು, ಅಲ್ಲಾಡಲಿಲ್ಲ. ಕೊಳವೆಯಂಥ ಡ್ರಿಲ್ ತೆಗೆದುಕೊಂಡು ಸುತ್ತಲಿನ ಮೂಳೆಯನ್ನು ಕೂದಲೆಳೆಯಷ್ಟೇ ಬಿಡಿಸುತ್ತ, ಮೂಲೆಯಲ್ಲಿ ಕೂತಿದ್ದ ಅಂಕಮ್ಮನಿಗೆ ಮೆಲ್ಲಗೆ ಹೇಳಿದಳು:

"ಇದೇ ಕೊನೆ ಅತ್ತೆ. ಇದನ್ನ ತೆಗ್ದು ಮಾಮನ್ನ ಬೆಂಗ್ಳೂರಿಗೆ ಕಳಿಸ್ತೀನಿ. ನಾನಿನ್ನು ಇಂಪ್ಲಾಂಟ್ ಮುಟ್ಟಲ್ಲ. ಬೋರ್ಡಿನ ಆ ಸಾಲು ಅಳ್ಸೋಕೆ ಪೇಂಟರ್ ಹಬೀಬಣ್ಣಂಗೂ ಹೇಳಿದೀನಿ, ಈಗ ಬರ್ತಾರೆ. ನಂಬ್ಕೊಂಡು ಬಾಯಿ ಕೊಟ್ಟ ಮನುಷ್ಯನ ದವಡೇನೆ ಹಾಳ್ ಮಾಡ್ದೆ."

ಕೆಂಚಯ್ಯನ ಕಿವಿಗೆ ಅಷ್ಟೂ ಬಿತ್ತು. ಅಯ್ಯೋ ಶಿವನೇ! ಅಕ್ಷರ ಕಲಿಯುವಾಗ ಬೆನ್ನ ಮೇಲೆ ಹೊತ್ತು ಶಾಲೆಗೆ ಬಿಟ್ಟ ಕೂಸು. ಇದರ ಕೈ ಕಟ್ಟಿಹಾಕುವ ಪಾಪಿ ನಾನಾದೆನೇ? "ಆ... ಆವ್ವ... ಐರ್..." ಎಂದು, ವೈರಿನ ಮಾತು ಹೇಳಲಾಗದೆ ಒದ್ದಾಡಿದ.

"ನೋವಾಯ್ತಾ ಮಾಮ? ಒಸಿ ತಡೀರಿ" ಎಂದು ಅವಳು ಇನ್ನೊಂದು ಇಂಜೆಕ್ಷನ್ ಚುಚ್ಚಿದಳು. ಅಲ್ಲಿಗೆ ಉಳಿದಿದ್ದ ಅರ್ಧ ನಾಲಿಗೆಯೂ ಹೋಯಿತು.

ಮುರುಕು ಹೊರಬಂದು ಟ್ರೇಯಲ್ಲಿ ಟಿಣ್ ಎಂದಿತು. ಹೊಲಿಗೆ ಹಾಕಿ, ಬಾಯಿಗೆ ಹತ್ತಿ ಕಚ್ಚಿಸಿ, "ಅರ್ಧ ಗಂಟೆ ಮಾತಾಡಂಗಿಲ್ಲ" ಎಂದು ಅಪ್ಪಣೆ ಕೊಟ್ಟಳು. ಆಮೇಲೆ ಟೋಪಿಯನ್ನು ಬೆಳಕಿಗೆ ಹಿಡಿದಳು. "ನೋಡತ್ತೆ, ಅಂಚಲ್ಲಿ ಗೀರು. ನಾನೇ ಅಂಚು ಉಜ್ಜಿ ನುಣುಪು ಮಾಡೋವಾಗ ಎಡವಟ್ಟು ಮಾಡಿದೀನಿ." ಅವಳ ಕಣ್ಣು ತುಂಬಿತ್ತು. ಬಾಗಿಲಲ್ಲಿ ಹಬೀಬ್ ಪೇಂಟಿನ ಡಬ್ಬ ಹಿಡಿದು ನಿಂತಿದ್ದ. "ಮೇಡಂ, ಯಾವ ಸಾಲು ಅಳಿಸ್ಲಿ?"

ಕೆಂಚಯ್ಯ ದಡಕ್ಕನೆ ಎದ್ದು ಕೂತ. ಯೂನಿಫಾರಂ ಜೇಬಿನಲ್ಲಿ ಟೆಸ್ಟರಿನ ಜೊತೆ ಯಾವಾಗಲೂ ಇರುವ ಒಂದೂವರೆ ಎಂ.ಎಂ. ಕೆಂಪು ವೈರಿನ ತುಂಡು ತೆಗೆದ. ಪದ್ಮಶ್ರೀಯ ಕೈಯಿಂದ ಟೋಪಿ ಇಸಿದುಕೊಂಡು, ವೈರನ್ನು ಆ ಗೀರಿಗೆ ಇಟ್ಟ. ಅಳತೆ ತೆಗೆದು ಕೊರೆದಂತೆ ಕೂತಿತು. ಆಮೇಲೆ ತನ್ನ ಕೆನ್ನೆಗೆ ತಾನೇ ಎರಡೇಟು ಹೊಡೆದುಕೊಂಡ. ಹೇಗಿದ್ದರೂ ನೋವು ಗೊತ್ತಾಗುತ್ತಿರಲಿಲ್ಲ.

ಪದ್ಮಶ್ರೀ ವೈರನ್ನು ನೋಡಿದಳು, ಮಾಮನನ್ನು ನೋಡಿದಳು.

"ವರ್ಷಪೂರ್ತಿ?"

ತಲೆಯಾಡಿಸಿದ.

"ದಿನಾ?"

ಕೈ ಮುಗಿದ.

"ಮಾಮಾ!" ಎಂದು ಅವಳು ಕಿರುಚಿದ್ದಕ್ಕೆ ಹಬೀಬನ ಡಬ್ಬ ಅಲ್ಲಾಡಿತು. ಹಳ್ಳಿಯ ಬೈಗುಳಗಳೆಲ್ಲ ಡಾಕ್ಟರ ಬಾಯಿಂದ ಸಾಲಾಗಿ ಬಂದವು. ಬೈಯುತ್ತ ಬೈಯುತ್ತ ಅತ್ತಳು, ಅಳುತ್ತಲೇ ಏನೋ ಹೊಳೆದು ಅಳು ನಿಲ್ಲಿಸಿದಳು. "ಅಂದ್ರೆ ನಾನ್ ಕೂರ್ಸಿದ ಸ್ಕ್ರೂ ವರ್ಷಪೂರ್ತಿ ನಿಮ್ ಕಾರ್ಖಾನೆ ವೈರ್ ಸುಲೀತಾ? ಬೇರೆಯೋರು ಕೂರ್ಸಿದ್ರೆ ತಿಂಗ್ಳೂ ಬತ್ತಿರ್ಲಿಲ್ಲ!" ಎಂದು ಹೆಮ್ಮೆಯಿಂದ ಮೂಗೊರೆಸಿಕೊಂಡಳು. "ಹಬೀಬಣ್ಣ, ಏನೂ ಅಳಿಸ್ಬ್ಯಾಡಿ. ಆ ಸಾಲನ್ನ ಒಸಿ ದಪ್ಪಕ್ಕೆ ಬರೀರಿ."

ಚೀಟಿಯಲ್ಲಿ ಮಾತ್ರೆಗಳ ಕೆಳಗೆ 'ವೈರ್ ಸ್ಟ್ರಿಪ್ಪರ್, ಒಂದು, ಜೀವನಪರ್ಯಂತ' ಎಂದು ಬರೆದುಕೊಟ್ಟಳು. ಕೆಂಚಯ್ಯ ವೈರ್ ಸುಲಿಯುವ ಆ ಇಕ್ಕಳವನ್ನು ಮರುದಿನವೇ ಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡ.

ಮೂಳೆ ತುಂಬಿಕೊಳ್ಳಲು ನಾಲ್ಕು ತಿಂಗಳು ಬೇಕಾಯಿತು. ಪದ್ಮಶ್ರೀಯೇ ಹೊಸ ಸ್ಕ್ರೂ ಕೂರಿಸಿದಳು, ಇನ್ನೂ ನಾಲ್ಕು ತಿಂಗಳಿಗೆ ಟೋಪಿ ತೊಡಿಸಿದಳು. ಅಷ್ಟು ದಿನವೂ ಅಂಕಮ್ಮ ಕೋಳಿ ಕಾಲನ್ನು ಬಿಡಿಸಿ, ಎಳೆ ಎಳೆ ಮಾಡಿ ಗಂಡನ ತಟ್ಟೆಗೆ ಹಾಕಿದಳು. ಹೂ ಮಾತ್ರ ಮುಡಿಯಲಿಲ್ಲ.

ಟೋಪಿ ಬಂದ ಭಾನುವಾರ ಪದ್ಮಶ್ರೀಯೂ ಊಟಕ್ಕೆ ಬಂದಿದ್ದಳು. ಅಂಕಮ್ಮ ಇಡೀ ಕಾಲನ್ನು ಕೆಂಚಯ್ಯನ ತಟ್ಟೆಗೆ ಬಡಿಸಿದಳು.

"ತಿನ್ನಿ ಮಾಮ. ನನ್ ಕೆಲ್ಸದ ಮ್ಯಾಲೆ ನಂಬ್ಕೆ ಐತೆ. ನಿಮ್ ಮ್ಯಾಲೇ ಇಲ್ದಿರಾದು" ಎಂದಳು ಪದ್ಮಶ್ರೀ.

ಕೆಂಚಯ್ಯ ಮೊದಲು ಒಂದು ಚೂರು ಬಾಯಿಗಿಟ್ಟು ಎಡಗಡೆಯಿಂದ ಅಗಿದ. ಹಲ್ಲು ಬಂಡೆಯ ಹಾಗಿತ್ತು. ಎಡಗಡೆಯಿಂದಲೇ ನಕ್ಕ. ಆಮೇಲೆ ಕೋಳಿ ಕಾಲನ್ನೆತ್ತಿ ಹೆಂಡತಿಯ ತಟ್ಟೆಗೆ ಹಾಕಿದ.

"ಇದ್ಯಾಕೆ? ಈಗ ಹಲ್ಲೈತಲ್ಲ ನಿಂಗೆ" ಎಂದಳು ಅಂಕಮ್ಮ.

"ಐತೆ ಕಣಮ್ಮಿ. ಅದ್ಕೇ ಇವತ್ತು ಕೊಡ್ತಿರಾದು."

ಅಂಕಮ್ಮ ಎದ್ದು ಹೊರಗೆ ಹೋದಳು. ಗಿಡದಿಂದ ನಾಲ್ಕು ಕನಕಾಂಬರ ಕಿತ್ತು ಮುಡಿದುಕೊಂಡು ಬಂದು ಊಟಕ್ಕೆ ಕೂತಳು.