ಸಾಲಿನಲ್ಲಿ ಮೊದಲನೆಯವಳು

ಮುಂದಿನ ಬೆಂಚಿನ ಹೆಂಗಸಿನ ಹೊಸ ಸ್ವೆಟರಿನಿಂದ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿದೆ, ಕಿತ್ತುಬಿಡಲೇ, ಬೇಡ, ಪಾಪ, ಆಮೇಲೆ ಮೆಲ್ಲಗೆ ಹೇಳಿದರಾಯಿತು, ಚರ್ಚಿನ ಬಲಿಪೂಜೆ ಪರಮಪ್ರಸಾದದ ಹೊತ್ತಿಗೆ ಬಂದು ನಿಂತಿದೆ, ಇನ್ನೆರಡು ನಿಮಿಷಕ್ಕೆ ಜನ ಏಳುತ್ತಾರೆ, ಆ ಹುಡುಗಿ ಏಳುತ್ತಾಳೋ ಇಲ್ಲವೋ — ಟೀಚರ ಕಣ್ಣು ಚೀಟಿಯನ್ನು ಬಿಟ್ಟು ಮೊದಲ ಬೆಂಚಿಗೆ ಓಡಿತು, ಅಲ್ಲಿ ತನ್ನ ಭಾನುವಾರದ ತರಗತಿಯ ಒಂಬತ್ತು ತಲೆಗಳು, ಹದಿನೈದು ಹದಿನಾರರ ತಲೆಗಳು, ಎಂಟಕ್ಕೆ ಬಾಚಣಿಗೆಯ ಗುರುತಿಲ್ಲ, ಕೊನೆಯಲ್ಲಿ ಗೋಡೆಗೆ ಅಂಟಿಕೊಂಡಂತೆ ಕಡ್ಡಿಯ ಎರಡು ಜಡೆ. ಕಡ್ಡಿ ಅಂತ ಹೆಸರಿಟ್ಟವನು ರೇಡಿಯೋ, ಬಾಯಿ ಮುಚ್ಚದ ಹುಡುಗ, ಅವಳು ದಿನೇದಿನೇ ಸಣ್ಣಗಾದಳೆಂದು ಇಟ್ಟ ಹೆಸರು, ತಾನೂ ಹಾಗೇ ಕರೆದೆನಲ್ಲ, ಯಾಕೆ ಸಣ್ಣಗಾದಳು ಅಂತ ಒಂದು ಮಾತು ಕೇಳದೆ. ತನಗೆ ಸೂಜಿ ಟೀಚರ್ ಅಂತ ಇಟ್ಟವನೂ ಅವನೇ, ವಾರವೆಲ್ಲ ಲ್ಯಾಬಲ್ಲಿ ನಮ್ಮ ರಕ್ತ ತೆಗೀತಾರೆ, ಭಾನುವಾರ ಬಂದು ಕ್ರಿಸ್ತರ ರಕ್ತದ ಪಾಠ ಮಾಡ್ತಾರೆ, ಅಂದಿದ್ದ, ತರಗತಿಯ ಜೊತೆ ಟೀಚರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ನಗು ಬಾರದ ಭಾನುವಾರವೂ ಒಂದಿತ್ತು, ಎರಡು ವಾರ ಆಯಿತು, ಚರ್ಚಿನ ಹಿಂದಿನ ಕೋಣೆ, ಒಂದು ಕಾಲು ಕುಂಟುವ ಮೇಜು, ಪರಮಪ್ರಸಾದ ಅಂದರೇನೇ ಕೃತಜ್ಞತೆ, ಯೂಕರಿಸ್ಟ್ ಅನ್ನೋ ಅದರ ಹಳೆಯ ಗ್ರೀಕ್ ಪದದ ಅರ್ಥವೇ ಅದು, ದೇವರಿಗೆ ಯಾವುದಕ್ಕೆಲ್ಲ ಥ್ಯಾಂಕ್ಸ್ ಹೇಳ್ತೀರಿ, ಹತ್ತು ಬರೀರಿ, ಅಂತ ಕಾಗದ ಹಂಚಿದ್ದಳು. ರೇಡಿಯೋ ಮೊದಲನೆಯದೇ ಇಂಟರ್ನೆಟ್ ಅಂತ ಬರೆದ, ಎರಡನೆಯದು ಅಜ್ಜಿ, ಮೂರನೆಯದು ಅಜ್ಜಿಗೆ ಕಿವಿ ಕೇಳಿಸದಿರುವುದು. ಕಡ್ಡಿಯ ಕಾಗದ ಮಾತ್ರ ಖಾಲಿ. ಅಷ್ಟಕ್ಕೇ ತನ್ನ ನಾಲಗೆ ಯಾಕೆ ಹಾಗೆ ಹರಿಯಬೇಕಿತ್ತು, ಹತ್ತರಲ್ಲಿ ಒಂದೂ ಸಿಗ್ಲಿಲ್ವಾ ನಿಂಗೆ, ಹೊಟ್ಟೆ ತುಂಬಿದವರಿಗೆ ಹೀಗೇ, ಥ್ಯಾಂಕ್ಸ್ ಹೇಳೋಕೆ ಬಾರದವರು ಓಸ್ತಿಗೆ ಕೈ ಚಾಚಬಾರದು. ಅವಳು ಎದ್ದು ನಿಂತಳು, ದನಿ ಏರಿಸಲಿಲ್ಲ, ಐದು ತಿಂಗಳಿಂದ ನಾನು ಕೈ ಚಾಚೇ ಇಲ್ಲ ಟೀಚರ್, ನೀವು ನೋಡ್ಲಿಲ್ವಾ, ಗೋಧಿ ಒಂದು ಚೂರು ಒಳಗೆ ಹೋದ್ರೂ ನನ್ನ ಕರುಳು ಹಾಳಾಗುತ್ತಂತೆ, ಓಸ್ತಿ ಅಂದ್ರೆ ಗೋಧಿ ರೊಟ್ಟೀನೇ ಅಲ್ವಾ, ಅಂದಳು, ಕುರ್ಚಿಯನ್ನು ಮೇಜಿನ ಒಳಗೆ ನೀಟಾಗಿ ಸರಿಸಿ ಹೋದಳು — ದಡಾರನೆ ಬಾಗಿಲು ಹಾಕಿಕೊಂಡು ಹೋಗಿದ್ದರೆ ಎಷ್ಟೋ ಮೇಲಿತ್ತು.

ನೋಡಲಿಲ್ಲವೇ, ನೋಡಲಿಲ್ಲ, ಆ ರೋಗ ಪತ್ತೆಯಾದ ರಕ್ತ ಪರೀಕ್ಷೆಗೆ ಅವಳ ತೋಳಿಗೆ ಸೂಜಿ ಚುಚ್ಚಿದವಳು ತಾನೇ ಆದರೂ ನೋಡಲಿಲ್ಲ, ಮರುದಿನ ಲ್ಯಾಬಿನ ಕಂಪ್ಯೂಟರಿನಲ್ಲಿ ತನ್ನದೇ ಸಹಿ ಸಿಕ್ಕಿತು, ದಿನಕ್ಕೆ ಅರವತ್ತು ತೋಳು, ಮುಷ್ಟಿ ಬಿಗಿ ಮಾಡಿ, ಆಯ್ತು ಬಿಡಿ, ಹತ್ತಿ ಒತ್ತಿ ಹಿಡ್ಕೊಳ್ಳಿ, ಮುಂದಿನವರು ಬನ್ನಿ, ನರ ಹುಡುಕುವ ಕಣ್ಣಿಗೆ ಮುಖ ಕಾಣುವುದೇ ಇಲ್ಲ. ಕೆಲಸ ಮುಗಿದದ್ದೇ ಫಾದರ್ ಹತ್ತಿರ ಓಡಿದಳು, ಅವರು ತೋಟದಲ್ಲಿ ಟೊಮೆಟೊ ಗಿಡಕ್ಕೆ ಕೋಲು ಕಟ್ಟುತ್ತಿದ್ದರು, ಫಾದರ್, ಅಕ್ಕಿ ಹಿಟ್ಟಲ್ಲಿ ಮಾಡೋಕಾಗಲ್ವಾ, ಆಗಲ್ಲಮ್ಮ, ಓಸ್ತಿಗೆ ಗೋಧಿಯೇ ಬೇಕು, ಆದ್ರೆ ದ್ರಾಕ್ಷಾರಸ ಇದೆಯಲ್ಲ, ಒಂದು ಹನಿಯಲ್ಲೂ ಕ್ರಿಸ್ತರು ಪೂರ್ತಿ ಇದ್ದಾರೆ, ಇದನ್ನ ಪಾಠ ಮಾಡೋರು ನೀವೇ ಅಲ್ವಾ. ಹೌದು, ಹನ್ನೊಂದು ವರ್ಷದಿಂದ ಮಾಡುತ್ತಿದ್ದಾಳೆ, ಆರನೆಯ ಪಾಠ, ಪರೀಕ್ಷೆಗೆ ಬರುವ ಪ್ರಶ್ನೆ, ಯಾರಿಗೋ ಬೇಕಾಗಿ ಬರುವ ಮಾತು ಅದು ಅಂತ ಒಂದು ದಿನವಾದರೂ ಹೊಳೆದಿತ್ತೇ. ಓಸ್ತಿಯ ಚೂರು ಬೀಳದ ಹಾಗೆ ಬೇರೆಯೇ ಒಂದು ಸಣ್ಣ ಪಾನಪಾತ್ರೆ ಇಡೋಣ, ಬಂದು ನನ್ನ ಕೇಳೋಕೆ ಆ ಮಗೂಗೆ ಏನು ಸಂಕೋಚ, ಅಂದರು ಫಾದರ್.

ಸಂಕೋಚ ಏನೆಂದು ಕಡ್ಡಿಯ ಮನೆಯಲ್ಲೇ ತಿಳಿಯಿತು, ಹೊಲಿಗೆ ಯಂತ್ರದ ಸದ್ದು ನಿಲ್ಲಿಸಿ ಅಮ್ಮ ಸ್ಟೂಲು ಎಳೆದು ಕೊಟ್ಟರು, ಟೀಚರ್ ಕೂರಲಿಲ್ಲ, ಹುಡುಗಿಯ ಕಡೆ ತಿರುಗಿ, ನಾನು ಅಂದದ್ದು ತಪ್ಪು ಕಣಮ್ಮ, ತಪ್ಪಾಯ್ತು, ಇಷ್ಟನ್ನೇ ದಾರಿಯುದ್ದಕ್ಕೂ ಉರು ಹೊಡೆದು ಬಂದಿದ್ದಳು, ಹೇಳಿ ಮುಗಿದ ಮೇಲೆ ಕೈಯನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಹುಡುಗಿ ದಾರದ ಉಂಡೆ ಸುತ್ತುತ್ತಲೇ ಇದ್ದಳು, ಎಲ್ಲರೂ ಒಂದು ಕಡೆ ಹೋದ್ರೆ ನಾನೊಬ್ಳು ಇನ್ನೊಂದು ಕಡೆ ಹೋಗಿ ಕುಡೀಬೇಕಾ, ಔಷಧಿ ಕುಡಿದ ಹಾಗೆ, ಇಡೀ ಚರ್ಚ್ ನೋಡ್ತಿರುತ್ತೆ, ಅಂದಳು, ದಾರದ ತುದಿಯನ್ನು ಉಂಡೆಗೆ ಸಿಕ್ಕಿಸಿ, ನೋಡ್ತೀನಿ ಟೀಚರ್. ಆ ನೋಡ್ತೀನಿಯನ್ನು ಟೀಚರ್ ವಾರವೆಲ್ಲ ತಿರುಗಿಸಿ ಮುರುಗಿಸಿ ನೋಡಿದಳು, ಅದು ಹೂಂ ಆಗಿಯೂ ಕೇಳುತ್ತಿತ್ತು, ಊಹೂಂ ಆಗಿಯೂ. ಕಳೆದ ಭಾನುವಾರ ಕಡ್ಡಿ ಬರಲಿಲ್ಲ, ಟೀಚರ್ ಕಾಗದ ಹಂಚಲಿಲ್ಲ, ಬೋರ್ಡಿನ ಮೇಲೆ ತನ್ನ ಪಟ್ಟಿಯನ್ನೇ ಬರೆದಳು, ಒಂದು, ನನ್ನ ಕಣ್ಣಿಗೆ ಬೀಳದ್ದನ್ನು ಮುಖದ ಮೇಲೇ ಹೇಳಿದ ಹುಡುಗಿ, ಎರಡು, ಸುಲಭಕ್ಕೆ ಸಿಗುವ ನರಗಳು, ಎಲ್ಲರೂ ನಕ್ಕರು, ರೇಡಿಯೋ ಮಾತ್ರ ನಗಲಿಲ್ಲ, ಗಂಟೆ ಬಾರಿಸಿದರೂ ಎಂಟು ಮಂದಿ ಅಂಗಳದಲ್ಲಿ ಗುಸುಗುಸು ಅನ್ನುತ್ತಾ ನಿಂತಿದ್ದರು, ಏನೋ ಕಿತಾಪತಿ ಅಂದುಕೊಂಡು ಅವಳು ಬಸ್ಸು ಹತ್ತಿದಳು.

ಈಗ ಫಾದರ್ ಬಲಿಪೀಠದ ಮೆಟ್ಟಿಲಿಳಿದರು, ಅವರ ಪಕ್ಕದಲ್ಲಿ ಸಿಸ್ಟರ್, ಸಿಸ್ಟರ್ ಕೈಯಲ್ಲಿ ಆ ಸಣ್ಣ ಪಾತ್ರೆ, ಏಳು ಮಗಳೇ, ಬೇಡ, ನಿನಗೆ ಬೇಡವೆನಿಸಿದರೆ ಕೂತಿರು, ಆದರೂ ಏಳು — ಮೊದಲ ಬೆಂಚು ಅಲುಗಿತು, ಎಂಟು ಜೊತೆ ಮೊಣಕಾಲುಗಳು ಒಟ್ಟಿಗೇ ಪಕ್ಕಕ್ಕೆ ಹೊರಳಿದವು, ಗೋಡೆಯ ಬದಿಯಿಂದ ಎರಡು ಜಡೆ ಅವರನ್ನೆಲ್ಲ ದಾಟಿ ನಡುದಾರಿಗೆ ಬಂತು, ಹಿಂದೆ ರೇಡಿಯೋ, ಅವನ ಹಿಂದೆ ಉಳಿದವರು, ಫಾದರ್ ಕಡೆಗಲ್ಲ, ಒಂಬತ್ತೂ ಜನ ಸಿಸ್ಟರ್ ಕಡೆಗೆ. ಇದೇನಿದು, ಇದನ್ನು ತಾನು ಹೇಳಿಕೊಟ್ಟಿಲ್ಲ, ಹಿಂದಿನಿಂದ ರೇಡಿಯೋನ ಅಜ್ಜಿ, ಕಿವಿ ಕೇಳಿಸದವರ ದೊಡ್ಡ ಪಿಸುಮಾತಿನಲ್ಲಿ, ನಮ್ ಹುಡುಗ್ರು ಫಾದರ್ ಹತ್ರ ಮೊದ್ಲೇ ಹೋಗಿ ಕೇಳ್ಕೊಂಡಿದಾರೆ ಟೀಚರೇ, ಇವತ್ತು ಅವ್ರಿಗೂ ಬರೀ ಪಾತ್ರೆನೇ ಅಂತೆ, ಬಾಯಲ್ಲಿ ಓಸ್ತಿ ಚೂರು ಇರಬಾರ್ದಲ್ಲ, ಆ ಹುಡುಗೀನೇ ಮೊದ್ಲು. ಅವಳೇ ಮೊದಲು, ಕ್ರಿಸ್ತರ ರಕ್ತ, ಆಮೆನ್, ಅಷ್ಟು ದೂರದಿಂದಲೂ ಆ ಆಮೆನ್ ಕೇಳಿಸಿತು, ಎರಡೂ ಕೈಯಲ್ಲಿ ಪಾತ್ರೆ ಹಿಡಿದು ಎತ್ತಿ ಕುಡಿದಳು, ಒಂದು ಗುಟುಕು, ಸಿಸ್ಟರ್ ಬಟ್ಟೆಯಿಂದ ಪಾತ್ರೆಯಂಚು ಒರೆಸುವ ಮೊದಲೇ ತಿರುಗಿದಳು, ಹಿಂದೆ ನಿಂತ ಎಂಟು ಮಂದಿಯನ್ನು ನೋಡಿದಳು, ನಕ್ಕಳು, ಮೇಲ್ತುಟಿಯ ಮೇಲೆ ದ್ರಾಕ್ಷಾರಸದ ಕೆಂಪು ಗೆರೆ, ಟೀಚರೇ ನಿಮ್ಮ ಸಾಲು, ಏಳಿ, ಅಂತ ಅಜ್ಜಿ ಬೆನ್ನು ತಟ್ಟುತ್ತಿದ್ದಾರೆ, ಏಳಬೇಕು, ಕೃತಜ್ಞತೆಯ ಪಾಠಕ್ಕೆ ಇನ್ನೇನು ಬೇಕು, ಮುಂದಿನ ವಾರ ಮಕ್ಕಳಿಗೆ ಇದನ್ನೇ — ಏನೆಂದು ಹೇಳುವುದು, ಹೇಗೆ, ಆ ನಗು, ಆ ತುಟಿ, ಕೆಂಪು ಗೆರೆ, ಮೇಲ್ತುಟಿಯ ಮೇಲೆ, ಕೆಂಪು ಗೆರೆ