ಸಾಮಾನು ಗಾಡಿಯಲ್ಲಿ ಹೋದವಳು

ಲಿಫ್ಟು ರಿಪೇರಿ ಮಾಡುತ್ತಲೇ ಆಯುಷ್ಯ ಸವೆಸಿದ ಮೇಸ್ತ್ರಿಗೆ ಕಂಪನಿಯವರು ಬಹುಮಾನವಾಗಿ ಕೊಟ್ಟದ್ದೇನು? ಕಾಲ್ನಡಿಗೆಯ ಪ್ರವಾಸ! ಅದೂ ಸುಡುಬೇಸಿಗೆಯಲ್ಲಿ, ಕಡಲಂಚಿನ ಬಂಡೆಗಳ ಮೇಲೆ, ಒಂದು ಹಳ್ಳಿಯಿಂದ ಇನ್ನೊಂದು ಹಳ್ಳಿಗೆ, ಇಬ್ಬರಿಗೆ. ಜೊತೆಯ ಕೆಲಸಗಾರರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮೇಸ್ತ್ರಿಯೂ ನಕ್ಕ. ಆದರೆ ಹೆಂಡತಿಯನ್ನು ಒಲಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ನೆಪ ಸಿಗದು ಎಂದುಕೊಂಡು ಒಳಗೊಳಗೇ ಆಸೆಪಟ್ಟ.

ಅವಳು ಒಪ್ಪಿದಳು, ಒಪ್ಪಿದ ರೀತಿ ಮಾತ್ರ ಬೇರೆ.

"ನನ್ನ ಮಂಡಿಗೆ ಆ ದಾರಿ ಆಗೋದಿಲ್ಲ. ನಾನು ಸಾಮಾನು ಗಾಡಿಯಲ್ಲಿ ಬರ್ತೀನಿ, ನೀವು ನಡ್ಕೊಂಡು ಬನ್ನಿ. ನಿಮ್ಮ ಜೊತೆ ವಾಪಸ್ ಮನೆಗೆ ಬರ್ತೀನೋ, ಅಕ್ಕನ ಊರಲ್ಲೇ ಉಳ್ಕೋತೀನೋ ಅನ್ನೋದನ್ನ ಕೊನೇ ಹಳ್ಳೀಲಿ ಹೇಳ್ತೀನಿ."

ನಡೆಯುವವರ ಪೆಟ್ಟಿಗೆಗಳನ್ನು ಬೆಳಿಗ್ಗೆ ಒಂದು ವ್ಯಾನು ರಸ್ತೆ ಮಾರ್ಗವಾಗಿ ಮುಂದಿನ ಹಳ್ಳಿಯ ವಸತಿಗೃಹಕ್ಕೆ ಸಾಗಿಸುವುದು ಅಲ್ಲಿನ ಏರ್ಪಾಡು. ಪೆಟ್ಟಿಗೆಗಳ ಜೊತೆ ಅವಳೂ ಡ್ರೈವರನ ಪಕ್ಕ ಕೂತು ಮುಂದೆ ಹೋಗುತ್ತಿದ್ದಳು. ಇವನು ಟೋಪಿ ಹಾಕಿಕೊಂಡು ಒಬ್ಬನೇ ಹಿಂದೆ.

ವಿಷಯ ಇಷ್ಟೇ. ಎರಡು ವರ್ಷದ ಹಿಂದೆ ಅವರ ಒಬ್ಬಳೇ ಮಗಳು ಜ್ವರ ಬಂದು ಒಂದೇ ವಾರದಲ್ಲಿ ಹೋಗಿಬಿಟ್ಟಳು. ಹೆಂಡತಿ ಹಗಲೂ ರಾತ್ರಿ ಮಗಳ ಕೋಣೆಯಲ್ಲೇ ಕೂತಿರುತ್ತಿದ್ದಳು. ಮೇಸ್ತ್ರಿಗೆ ನೋಡಲಾಗಲಿಲ್ಲ. ಅವಳು ಅಕ್ಕನ ಊರಿಗೆ ಹೋದ ಸಮಯ ನೋಡಿ ಬಟ್ಟೆ, ಚಪ್ಪಲಿ, ಮಂಚ, ಬಾಚಣಿಗೆ ಎಲ್ಲವನ್ನೂ ಯಾರು ಯಾರಿಗೋ ಕೊಟ್ಟು, ಗೋಡೆಗೆ ಹೊಸ ಬಣ್ಣ ಬಳಿಸಿದ. ಕೆಟ್ಟುಹೋದ ಭಾಗ ತೆಗೆದರೆ ಯಂತ್ರ ಸರಿಯಾಗುತ್ತದೆ ಎಂದು ಗೊತ್ತಿದ್ದವನಿಗೆ ಬೇರೇನು ಹೊಳೆದೀತು? ಅವಳು ಬಂದು ಬಾಗಿಲಲ್ಲೇ ನಿಂತಳು.

"ದಿಂಬಿನ ಕವರೂನಾ?"

"ಅದೂ. ನಿನ್ನ ಒಳ್ಳೇದಕ್ಕೇ ಮಾಡಿದ್ದು ಕಣೆ."

ಆಮೇಲೆ ಅವಳು ಮಗಳ ಸುದ್ದಿ ಎತ್ತಿದಾಗಲೆಲ್ಲ ಇವನು ಮಾತು ಮರೆಸುತ್ತಿದ್ದ. ಕೇಳಿದರೆ ತನ್ನ ಎದೆಯೇ ಒಡೆದೀತೆಂಬ ಭಯ. ಕೊನೆಗೆ ಅವಳು ಎತ್ತುವುದನ್ನೇ ಬಿಟ್ಟಳು. 'ಊಟಕ್ಕೆ ಬನ್ನಿ', 'ದೀಪ ಆರಿಸಿ', ಇಷ್ಟರಲ್ಲಿ ಸಂಸಾರ ನಡೆಯಿತು.

ದಾರಿಯೇನೋ ಚೆಂದವಾಗಿತ್ತು. ಬಂಡೆಗೆ ಅಂಟಿಕೊಂಡ ಹಳದಿ, ಗುಲಾಬಿ ಮನೆಗಳು, ಕೆಳಗೆ ನೀಲಿ ನೀರು, ಎದುರು ಬಂದವರೆಲ್ಲರ ಕೈಯಲ್ಲಿ ಕ್ಯಾಮೆರಾ. ಮೇಸ್ತ್ರಿಗೆ ಅದರಲ್ಲಿ ಒಂದೂ ನಾಟಲಿಲ್ಲ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು, ಹಿಮ್ಮಡಿಯ ಬೊಬ್ಬೆ ಒಡೆದಿತ್ತು. ಸಂಜೆ ಕೋಣೆಗೆ ಬಂದರೆ ಅವಳು ಕಿಟಕಿಯ ಬಳಿ ಕೂತಿರುತ್ತಿದ್ದಳು.

"ದಾರಿ ಹೇಗಿತ್ತು?"

"ಬಿಸಿಲು."

ಅಲ್ಲಿಗೆ ಮಾತು ಮುಗಿಯುತ್ತಿತ್ತು. ದಾರಿಯುದ್ದಕ್ಕೂ ಕಲಿತು ತಂದ ಮಾತುಗಳನ್ನು ಅವಳ ಮುಖ ಕಂಡೊಡನೆ ಬದಿಗಿಟ್ಟು, ಹಿಮ್ಮಡಿಗೆ ಮುಲಾಮು ಹಚ್ಚುತ್ತ ಕೂರುತ್ತಿದ್ದ. ತಪ್ಪಾಯ್ತು ಎನ್ನಲು ಒಂದು ಉಸಿರು ಸಾಕು. ಈ ಮಹಾನುಭಾವನಿಗೆ ಎರಡು ವರ್ಷವೂ ಸಾಲಲಿಲ್ಲ.

ಕೊನೆಯ ದಿನದ ಏರಿನಲ್ಲಿ ನೆರಳೇ ಇರಲಿಲ್ಲ. ಅರ್ಧ ದಾರಿಯಲ್ಲಿ ಒಂದು ಬಂಡೆಗೆ ಒರಗಿ ಕೂತವನು, ಯಾಕೆಂದು ತನಗೇ ತಿಳಿಯದೆ, ಮಗಳ ಹೆಸರು ಹಿಡಿದು ಗಟ್ಟಿಯಾಗಿ ಕರೆದ. ಅವಳು ಹೋದ ಮೇಲೆ ಇದೇ ಮೊದಲು. ಕರೆದದ್ದೇ ತಡ, ದುಃಖ ಉಕ್ಕಿಬಂತು. ಹೋಗಿಬರುವವರ ಮುಂದೆ ನಾಚಿಕೆಯಿಲ್ಲದೆ ಬಿಕ್ಕಿಬಿಕ್ಕಿ ಅತ್ತ. ಹೆದರಿದ್ದ ಹಾಗೆ ಎದೆಯೇನೂ ಒಡೆಯಲಿಲ್ಲ. 'ತಪ್ಪಾಯ್ತು ಕಣೆ, ಅವಳ ವಿಷಯ ಹೇಳು, ನಾನು ಕೇಳ್ತೀನಿ' ಎಂಬ ಮಾತು ತಾನಾಗಿ ಬಾಯಿಗೆ ಬಂತು. ಅದನ್ನೇ ಜಪಿಸುತ್ತ, ಬೊಬ್ಬೆಯನ್ನೂ ಮರೆತು ಇಳಿಜಾರಿನಲ್ಲಿ ಬಿರಬಿರನೆ ಇಳಿದ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರೆ. ಬಂತಲ್ಲ, ಅಷ್ಟೇ ಪುಣ್ಯ ಎಂದುಕೊಂಡ.

ವಸತಿಗೃಹದ ಮುಂದೆ ಡ್ರೈವರ್ ವ್ಯಾನಿನ ಗಾಜು ಒರೆಸುತ್ತಿದ್ದ. ಜಗುಲಿಯ ಮೇಲೆ ಒಂದೇ ಪೆಟ್ಟಿಗೆ ಇತ್ತು. ಮೇಸ್ತ್ರಿಯದು.

"ಅಮ್ಮನ್ನ ಬಸ್ ಹತ್ತಿಸಿ ಬಂದೆ ಸಾರ್," ಎಂದ ಡ್ರೈವರ್, ಊರಿನ ಹೆಸರನ್ನೂ ಹೇಳಿದ. ಅದು ಅವಳ ಅಕ್ಕನ ಊರು. "ಪೆಟ್ಟಿಗೆ ಭಾರ ಇತ್ತು, ನಾನೇ ಎತ್ತಿ ಇಟ್ಟೆ. ಇನ್ನು ಅಲ್ಲೇ ಇರ್ತಾರಂತಲ್ಲ, ಮಗಳ ಜೊತೆ?"

ಮೇಸ್ತ್ರಿ ಜಗುಲಿಯ ಅಂಚು ಹಿಡಿದು ಕೂತ. "ಮಗಳ ಜೊತೆ ಅಂದ್ಲಾ?"

"ಹೂಂ. ದಿನಾ ದಾರಿಯುದ್ದಕ್ಕೂ ಮಗಳದೇ ಮಾತು ಸಾರ್! ಕಲ್ಲಂಗಡಿ ಹಣ್ಣನ್ನ ಬೀಜ ಸಮೇತ ತಿಂತಾಳಂತೆ. ನಿದ್ದೇಲಿ ಯಾರ ಜೊತೆಗೋ ಜಗಳ ಆಡ್ತಾಳಂತೆ. ಅಪ್ಪನ ಹಾಗೇ ಸಿಳ್ಳೆ ಹೊಡೀತಾಳಂತೆ, ಎಷ್ಟು ಬೈದ್ರೂ ಬಿಡೋದಿಲ್ಲವಂತೆ. ಅಮ್ಮ ಹೇಳೋದು ಕೇಳಿದ್ರೆ ಹುಡುಗಿ ಎದುರಿಗೇ ನಿಂತ ಹಾಗಿರುತ್ತೆ. ನಕ್ಕೂ ನಕ್ಕೂ ಸಾಕಾಯ್ತು ನಮಗೆ."

ಹೆಂಡತಿ ನಕ್ಕಳಂತೆ. ತಾನೊಬ್ಬ ಜೊತೆಗಿಲ್ಲದಿದ್ದರೆ ಅವಳಿಗೆ ನಗು ಬರುತ್ತದೆ. ಮಗಳು ಸತ್ತು ಎರಡು ವರ್ಷವಾಯಿತು ಎನ್ನಲು ಮೇಸ್ತ್ರಿ ಬಾಯಿ ತೆರೆದ, ಆದರೆ ಹೇಳಲಿಲ್ಲ. ಹೇಳಿದರೆ ಈ ಪುಣ್ಯಾತ್ಮನ ಬಾಯಲ್ಲಿ ಬದುಕಿರುವ ಮಗಳೂ ಹೋಗಿಬಿಡುತ್ತಾಳೆ.

"ಇನ್ನೇನು ಹೇಳಿದ್ಲು?" ಎಂದು ಹಸಿದವನಂತೆ ಕೇಳಿದ.

"ಅಷ್ಟೇ ಸಾರ್. ನಿಮಗೆ ಗೊತ್ತಿಲ್ಲದ್ದು ನಾನೇನು ಹೇಳಲಿ?" ಡ್ರೈವರ್ ಬಟ್ಟೆ ಹಿಂಡಿದ. "ಅಮ್ಮನ ಜೊತೆ ನೀವೂ ಹೋಗಬಹುದಿತ್ತಲ್ಲ, ಮಗಳ ಮನೆಗೆ?"

"ನನ್ನನ್ನ ಕರೀಲಿಲ್ಲಪ್ಪ," ಎಂದ ಮೇಸ್ತ್ರಿ.