ಇಲಿಸೊಪ್ಪು

"ಇನ್ನೊಂದು ಗೇಣು ಗೋಡೆ ಕಡೆ ತಳ್ಳಿ!" ಪಕ್ಕದಂಗಡಿಯ ದರ್ಜಿ ಕೂಗಿದ. ಬಾಗಿಲಿಗೆ ದಾರಿ ಬಿಡಿಸಲು ನಾಲ್ವರು ಕೈಹಾಕಿದರೂ ಕ್ಷೌರದ ಕುರ್ಚಿ ಜಗ್ಗಲಿಲ್ಲ. "ಯಜಮಾನನ ಹಾಗೇ ಹಟಮಾರಿ ಇದು."

ಯಾರೋ ನಕ್ಕವರು, ನೆಲದ ಮೇಲೆ ಮಲಗಿದ್ದ ಯಜಮಾನನನ್ನು ಕಂಡು ನಗೆ ನುಂಗಿಕೊಂಡರು. ನಿನ್ನೆ ಸಂಜೆ ಅವನು ಇದೇ ಅಂಗಡಿಯಲ್ಲಿ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ.

ಅವನ ತಂಗಿ ಕಿಟಕಿಯ ಬಳಿ ನಿಂತಿದ್ದಳು. ಅಲ್ಲೊಂದು ಕುಂಡ, ಅದರಲ್ಲಿ ಎಲೆ ಚಿವುಟಿ ಚಿವುಟಿ ಬೋಳಾದ ಗಿಡ.

"ಕಣ್ಣಲ್ಲಿ ಗ್ಲಾಕೋಮಾ ಇಟ್ಕೊಂಡೂ ಕೊನೇವರೆಗೆ ಕತ್ತರಿ ಹಿಡಿದ. ಒಬ್ಬರ ಕಿವಿಗೂ ತಾಗಲಿಲ್ಲ," ಎಂದ ದರ್ಜಿ. "ಎಲ್ಲಾ ಈ ಇಲಿಸೊಪ್ಪಿನ ಮಹಿಮೆ. ನಿಮ್ಮದೇ ಔಷಧಿ ಅಲ್ವೇನಮ್ಮಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಅಣ್ಣನ ಮಗ ಹೇಳಿದ: "ನಂಗೂ ಅಪ್ಪನ ಕಾಯಿಲೆನೇ ಬಂದಿದೆ ಅತ್ತೆ. ನಾನೂ ಸೊಪ್ಪೇ ತಿಂತಿದ್ದೀನಿ. ಡಾಕ್ಟರು ಕೊಟ್ಟ ಡ್ರಾಪ್ಸ್ ಹಾಗೇ ಇದೆ."

ಜೇಬಿನಿಂದ ಬಾಟಲಿ ತೆಗೆದು ತೋರಿಸಿದ. ಸೀಲು ಒಡೆದಿರಲಿಲ್ಲ. ನಿನ್ನೆಯಿಂದ ಅವನು ಅತ್ತಿರಲೂ ಇಲ್ಲ.

* * *

ಪ್ರಯೋಗಾಲಯದಲ್ಲಿ ಆ ಎಲೆ ಅರೆದು, ಸಾರ ತೆಗೆದು, ಇಲಿಗಳಿಗೆ ಕುಡಿಸುವುದು ಅವಳ ಕೆಲಸ. ಕಣ್ಣಿನೊಳಗೆ ಒತ್ತಡ ಏರಿದರೂ ಆ ಇಲಿಗಳ ದೃಷ್ಟಿನರ ಅಷ್ಟಾಗಿ ಸೊರಗಿರಲಿಲ್ಲ. ಅದನ್ನು ಕಂಡ ಸಂಜೆಯೇ ಅಣ್ಣನ ಅಂಗಡಿಗೆ ಓಡಿಬಂದಿದ್ದಳು.

"ಇಲಿಗೆ ಆಗೋದು ನಂಗಾಗಲ್ವಾ?" ಎಂದಿದ್ದ ಅಣ್ಣ.

"ಇದಿನ್ನೂ ಇಲಿ ಮಟ್ಟದ ಮಾತು ಅಣ್ಣಾ. ಡ್ರಾಪ್ಸ್ ಮಾತ್ರ ಬಿಡಬೇಡ."

"ಬಿಟ್ಟರೆ ನಿಮ್ಮತ್ತಿಗೆ ನನ್ನ ಬಿಡ್ತಾಳಾ?"

ಬಿಡಲಿಲ್ಲ, ನಿಜ. ಆದರೆ ಅಂಗಡಿಯಲ್ಲಿ ಡ್ರಾಪ್ಸಿನ ಸುದ್ದಿಯೇ ಇಲ್ಲ. "ನನ್ನ ತಂಗಿ ಕಂಡುಹಿಡಿದ ಸೊಪ್ಪು!" ಎಂದು ಕಂಡಕಂಡವರಿಗೆ ಸಾರುತ್ತಿದ್ದ. ಕೇಳುವವರ ಮುಖದ ತುಂಬ ಸೋಪಿನ ನೊರೆ, ಎದುರಾಡುವವರಾದರೂ ಯಾರು?

* * *

ಹೊರಗೆ ವ್ಯಾನ್ ಬಂದು ನಿಂತಿತು. ತಂಗಿ ಅಣ್ಣನ ಮುಖ ನೋಡಿದಳು. ಇವತ್ತು, ಅವನು ಬಾಯಿ ಮುಚ್ಚಿ ಮಲಗಿರುವಾಗ, ಅವನ ಮಾತು ಸುಳ್ಳೆನ್ನಬೇಕೆ? ಅನ್ನದಿದ್ದರೆ ಹುಡುಗನ ದೃಷ್ಟಿ ಅಂಚಿನಿಂದ ಸದ್ದಿಲ್ಲದೆ ಕರಗುತ್ತದೆ. ಹೋದದ್ದು ಮತ್ತೆ ಬಾರದು.

"ಅದು ಔಷಧಿ ಅಲ್ಲ," ಎಂದಳು. "ಇನ್ನೂ ಆಗಿಲ್ಲ. ಅಣ್ಣನ ಕಣ್ಣು ಉಳಿಸಿದ್ದು ಡ್ರಾಪ್ಸ್."

"ಇವತ್ತೇ ಹೇಳಬೇಕಿತ್ತೇನಮ್ಮಾ?" ದರ್ಜಿ ಗೊಣಗಿದ.

"ಅಪ್ಪ ಸುಳ್ಳು ಹೇಳೋರಲ್ಲ ಅತ್ತೆ!" ಹುಡುಗನ ದನಿ ಏರಿತು.

ಗಂಡನ ತಲೆಯ ಬಳಿ ಕೂತಿದ್ದ ಅತ್ತಿಗೆ ಎದ್ದು ನಿಂತಳು. "ದಿನಾ ರಾತ್ರಿ ಹಾಕ್ತಿದ್ದೋಳು ನಾನು. ಉರಿಯುತ್ತೆ ಅಂತ ನನ್ನ ಬೈಯೋರು, ಬೆಳಗಾದ್ರೆ ಸೊಪ್ಪನ್ನ ಹೊಗಳೋರು. ತಂಗಿ ಅಂದ್ರೆ ಅಷ್ಟು ಹೆಮ್ಮೆ." ಮಗನಿಗೆ ಕುರ್ಚಿ ತೋರಿಸಿದಳು. "ಕೂತ್ಕೋ."

ಅವನು ಕೂತ. ಅವಳು ಬಾಟಲಿ ಇಸಿದುಕೊಂಡು ಸೀಲು ಮುರಿದಳು. ಗಂಡ ಗಿರಾಕಿಗಳಿಗೆ ಮಾಡುತ್ತಿದ್ದ ಹಾಗೆಯೇ ಗದ್ದಕ್ಕೆ ಅಂಗೈ ಕೊಟ್ಟು, ಮಗನ ತಲೆಯನ್ನು ಹಿಂದಕ್ಕೆ ಒರಗಿಸಿದಳು.

ವ್ಯಾನಿನವನು ಹಾರ್ನ್ ಹೊಡೆದ. ಯಾರೂ ಅಲ್ಲಾಡಲಿಲ್ಲ. ಹನಿ ಕಣ್ಣಿಗೆ ಬಿತ್ತು, ತುಂಬಿತು, ಒಣಗಿದ್ದ ಕೆನ್ನೆಯ ಮೇಲೆ ಇಳಿಯತೊಡಗಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಮುಚ್ಚಿದ ಬಾಟಲಿ ಆಗಲೇ ಅತ್ತಿಗೆಯ ಮುಷ್ಟಿಯೊಳಗಿತ್ತು.